ಗೋಡೆ ಮೊದಲು, ಮನೆ ಆಮೇಲೆ: ಯೊಕೊಹಾಮಾದ ಗುಡ್ಡಗಳಲ್ಲಿ ಕಟ್ಟಡ ನೋಡುವ ಬಗೆ

ಮೇಲಿನ ರಸ್ತೆಯಿಂದ ನೋಡಿದರೆ ಮೂರು ಮಹಡಿಯ ಸಾಧಾರಣ ಅಪಾರ್ಟ್‌ಮೆಂಟು. ಪಕ್ಕದ ಮೆಟ್ಟಿಲಿಳಿದು ಕೆಳಗಿನ ರಸ್ತೆಯಿಂದ ತಿರುಗಿ ನೋಡಿದರೆ ಅದಕ್ಕೇ ಏಳು ಮಹಡಿ. ಅದರ ಪಕ್ಕದ ಮನೆಗೆ ಮುಂಬಾಗಿಲು ಇರುವುದು ತುತ್ತತುದಿಯ ಮಹಡಿಯಲ್ಲಿ. ಅಡುಗೆಮನೆಗೂ ಮಲಗುವ ಕೋಣೆಗೂ ಇಳಿದು ಹೋಗಬೇಕು. ಮೂರನೆಯ ಮನೆಯ ಮಾಡಿನ ಒಂದು ಮಗ್ಗುಲು ಕತ್ತಿಯಲ್ಲಿ ಕೊಯ್ದಷ್ಟು ಓರೆ. ನಾಲ್ಕನೆಯದರ ಕಾರು ಗೋಡೆಯ ಹೊಟ್ಟೆಯೊಳಗೆ ನಿಂತಿದೆ. ಟೋಕಿಯೊದಿಂದ ನೈಋತ್ಯಕ್ಕಿರುವ ಕವಾಸಾಕಿ, ಯೊಕೊಹಾಮಾ ಮತ್ತು ತಾಮಾ ಗುಡ್ಡಸಾಲಿನ ಬಡಾವಣೆಗಳಲ್ಲಿ ಅರ್ಧ ಗಂಟೆ ನಡೆದರೆ ಇಷ್ಟೂ ಕಣ್ಣಿಗೆ ಬೀಳುತ್ತವೆ.

ಇವುಗಳಲ್ಲಿ ವಾಸ್ತುಶಿಲ್ಪಿಯ ಹುಚ್ಚಾಟ ಕಡಿಮೆ. ಇಳಿಜಾರು ಒಂದು ಕಡೆಯಿಂದ ತಳ್ಳುತ್ತದೆ, ಕಟ್ಟಡ ಕಾನೂನು ಇನ್ನೊಂದು ಕಡೆಯಿಂದ ಒತ್ತುತ್ತದೆ, ನಡುವೆ ಉಳಿದ ಆಕಾರವೇ ಮನೆ. ಆ ಎರಡು ಒತ್ತಡಗಳನ್ನು ಗುರುತಿಸಲು ಕಲಿತರೆ ಸಾಕು, ಬೀದಿಯಲ್ಲಿ ನಿಂತೇ ಕಟ್ಟಡದ ಜಾತಕ ಓದಬಹುದು. ಓದುವುದಕ್ಕೊಂದು ಕ್ರಮವಿದೆ: ಮೊದಲು ನೆಲ, ಆಮೇಲೆ ಗೋಡೆ, ಕೊನೆಗೆ ಮನೆ. ಹೆಚ್ಚಿನವರು ತಿರುವುಮುರುವು ಮಾಡುತ್ತಾರೆ.

ನೆಲ

ಇಲ್ಲಿನ ಗುಡ್ಡಗಳ ಮೈಮೇಲೆ ಹಳೆಯ ಜ್ವಾಲಾಮುಖಿಗಳ ಬೂದಿ ಕೂತು ಆದ ಕಂದು ಮಣ್ಣಿದೆ, ಹೆಸರು ಕಾಂತೊ ಲೋಮ್. ಮುಟ್ಟದೆ ಬಿಟ್ಟರೆ ಈ ಮಣ್ಣು ಹೆಚ್ಚುಕಡಿಮೆ ನೆಟ್ಟಗೆ ಕಡಿದ ಧರೆಯಾಗಿಯೂ ನಿಲ್ಲುತ್ತದೆ. ಅಗೆದು, ಕಲಸಿ, ಇನ್ನೊಂದು ಕಡೆ ತುಂಬಿದರೆ ಆ ಕಸುವು ಹೋಗುತ್ತದೆ. ಆದ್ದರಿಂದ ಒಂದೇ ಬಡಾವಣೆಯಲ್ಲಿ ಗುಡ್ಡ ಕಡಿದು ಮಾಡಿದ ಸೈಟಿಗೂ ಕಣಿವೆ ತುಂಬಿಸಿ ಮಾಡಿದ ಸೈಟಿಗೂ ಅಜಗಜಾಂತರ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಸಮತಟ್ಟು. 1978ರ ಮಿಯಾಗಿ ಭೂಕಂಪದಲ್ಲಿ ಸೆಂದಾಯ್ ನಗರದ ಗುಡ್ಡದ ಬಡಾವಣೆಗಳು ಈ ಪಾಠ ಕಲಿತವು: ತುಂಬಿದ ಜಾಗದ ಮನೆಗಳೇ ಜಾಸ್ತಿ ಜಖಂ ಆದವು.

ಊರಿನ ಹೆಸರು ಅರ್ಧ ಕಥೆ ಹೇಳುತ್ತದೆ. ಕೊನೆಯಲ್ಲಿ ‘ಯಾ’ ಅಥವಾ ‘ಯಾತೊ’ ಬಂದರೆ ಕಣಿವೆ. ಹೊದೊಗಾಯಾ ಹಾಗೆ ಬಂದ ಹಳೆಯ ಹೆಸರು. ‘ಗಾವೊಕಾ’ ಎಂದರೆ ಗುಡ್ಡ, ‘ದಾಯ್’ ಎಂದರೆ ದಿಣ್ಣೆ. ಇವೆರಡು ಬಂದರೆ ಅನೇಕ ಸಲ ಬಡಾವಣೆ ಮಾಡಿದವರು ಸೈಟು ಮಾರಲು ಇಟ್ಟ ಹೊಸ ಹೆಸರು. ಯೊಕೊಹಾಮಾದ ಆವೊಬಾ ವಾರ್ಡಿನ ಉತ್ಸುಕುಶಿಗಾವೊಕಾ ಎಂದರೆ ‘ಚೆಲುವಾದ ಗುಡ್ಡ’. ನಮ್ಮ ಕಡೆ ಬಡಾವಣೆಗಳಿಗೆ ‘ಗಾರ್ಡನ್’, ‘ಎನ್‌ಕ್ಲೇವ್’ ಎಂದು ಇಡುವ ಹಾಗೆಯೇ. ಮಿದೊರಿ ವಾರ್ಡಿನ ಕಿರಿಗಾವೊಕಾದಲ್ಲಿ ಭಾರತೀಯ ಶಾಲೆಯೊಂದು ಇರುವುದರಿಂದ ಕೆಲವು ಕನ್ನಡಿಗರಿಗೆ ಆ ಹೆಸರು ಗೊತ್ತಿರಬಹುದು. ಅಲ್ಲೂ ಅದೇ ಬಾಲ.

ಹೊರಡುವ ಮುಂಚೆ ಸರ್ಕಾರದ ಭೂಪಟ ಸಂಸ್ಥೆಯ ಉಚಿತ ಆನ್‌ಲೈನ್ ನಕ್ಷೆ ತೆರೆಯಿರಿ. ಎತ್ತರದ ಗೆರೆಗಳು ಒತ್ತೊತ್ತಾಗಿರುವ ಕಡೆ ಬೆರಳಿಡಿ. ಸರ್ಕಾರದ್ದೇ ಆದ ವಿಪತ್ತು ನಕ್ಷೆಯಲ್ಲಿ ‘ದೊಡ್ಡ ಪ್ರಮಾಣದ ಮಣ್ಣು ತುಂಬಿದ ಜಾಗ’ ಎಂಬ ಪದರವಿದೆ. ಕಣಿವೆ ತುಂಬಿಸಿದ್ದಾದರೆ 3,000 ಚದರ ಮೀಟರು ದಾಟಿದ್ದೆಲ್ಲ ಅದರಲ್ಲಿ ಬರುತ್ತದೆ. ಹಳದಿ ಮತ್ತು ಕೆಂಪು ಪದರ ಗುಡ್ಡ ಕುಸಿತದ್ದು: 30 ಡಿಗ್ರಿಗಿಂತ ಕಡಿದಾದ, 5 ಮೀಟರಿಗಿಂತ ಎತ್ತರದ ಇಳಿಜಾರಿದ್ದರೆ, ಅದರ ತಲೆಯಿಂದ ಹಿಂದಕ್ಕೆ 10 ಮೀಟರು, ಬುಡದಿಂದ ಮುಂದಕ್ಕೆ ಎತ್ತರದ ಎರಡರಷ್ಟು ದೂರ ಹಳದಿ. ಹಳದಿಯೊಳಗೆ ಮನೆ ಮುರಿದು ಜೀವಕ್ಕೆ ಅಪಾಯ ಬರುವಂಥ ಭಾಗ ಕೆಂಪು. ವಿಚಿತ್ರ ಕಟ್ಟಡಗಳು ಸಿಗುವುದು ಬಹುಪಾಲು ಈ ಬಣ್ಣಗಳ ಅಂಚಿನಲ್ಲೇ.

ದಾರಿ ಹೀಗಿರಲಿ: ರೈಲ್ವೆ ನಿಲ್ದಾಣಗಳು ಸಾಮಾನ್ಯವಾಗಿ ಕಣಿವೆಯಲ್ಲಿರುತ್ತವೆ. ಅಲ್ಲಿಂದ ಒಂದು ಗುಡ್ಡ ಹತ್ತಿ, ನೆತ್ತಿಯ ಮೇಲೆ ಸ್ವಲ್ಪ ನಡೆದು, ಆಚೆ ಕಣಿವೆಗೆ ಇಳಿದು, ಇನ್ನೊಂದು ನಿಲ್ದಾಣದಲ್ಲಿ ಮುಗಿಸಿ. ನಾಲ್ಕೈದು ಕಿಲೋಮೀಟರು, ನಿಂತು ನೋಡುತ್ತ ಹೋದರೆ ಮೂರು ಗಂಟೆ. ಮನೆಗಳ ಆಕಾರ ನೋಡುವುದಾದರೆ ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು, ಮರಗಳು ಎಲೆ ಉದುರಿಸಿ ಬೋಳಾಗಿರುತ್ತವೆ. ಗೋಡೆ ನೋಡುವುದಾದರೆ ಜೂನ್‌–ಜುಲೈ ಮಳೆಯ ಮರುದಿನ ಬೆಳಗ್ಗೆ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಗೋಡೆ

ತಡೆಗೋಡೆಗೆ ಜಪಾನಿಯಲ್ಲಿ ಯೋಹೆಕಿ ಎನ್ನುತ್ತಾರೆ. ಗುಡ್ಡದ ಬಡಾವಣೆಯಲ್ಲಿ ಮನೆಗಿಂತ ಹಳೆಯದು, ಮನೆಗಿಂತ ಬಾಳುವಂಥದು, ಕೆಲವು ಸಲ ಮನೆಗಿಂತ ದುಬಾರಿ. ಮನೆ ಕೆಡವಿ ಹೊಸದು ಕಟ್ಟಿದರೂ ಗೋಡೆ ಹಾಗೇ ಉಳಿದಿರುತ್ತದೆ. ಹಾಗಾಗಿ ಬಡಾವಣೆ ಎಷ್ಟು ಹಳೆಯದೆಂದು ತಿಳಿಯಬೇಕಾದರೆ ಮನೆ ನೋಡಬೇಡಿ, ಗೋಡೆ ನೋಡಿ.

ಹಳೆಯ ಗೋಡೆಗಳಲ್ಲಿ ಎದ್ದು ಕಾಣುವುದು ಓಯಾ ಕಲ್ಲು. ತೊಚಿಗಿ ಪ್ರಾಂತದ ಉತ್ಸುನೊಮಿಯಾ ಬಳಿ ಸಿಗುವ ಈ ಬೂದಿಗಲ್ಲು ತಿಳಿ ಹಸಿರು ಛಾಯೆಯದು, ಮೆದು, ಗರಗಸಕ್ಕೆ ಸಿಗುವಷ್ಟು ಮೆದು. 1923ರಲ್ಲಿ ಟೋಕಿಯೊದ ಇಂಪೀರಿಯಲ್ ಹೋಟೆಲ್ಲಿಗೆ ಇದನ್ನೇ ಬಳಸಿದ್ದರು. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಮೈಯಲ್ಲಿ ಹೆಬ್ಬೆರಳು ತೂರುವಷ್ಟು ಕಂದು ಗುಳಿಗಳು. ಅಲ್ಲಿ ಜೇಡಿಯಂಥ ಮಣ್ಣು ತುಂಬಿತ್ತು, ಅದಕ್ಕೆ ಕೆಲಸಗಾರರು ಇಟ್ಟ ಹೆಸರು ‘ಮಿಸೊ’. ಅಡುಗೆಯ ಮಿಸೊ ಹಿಟ್ಟಿನ ಬಣ್ಣವೇ. ಮಳೆ, ಚಳಿಗೆ ಮೊದಲು ಉದುರುವುದು ಅದು. ಆಮೇಲೆ ಗುಳಿಯ ಅಂಚು ಪುಡಿಯಾಗುತ್ತದೆ. ಆಮೇಲೆ ಕಲ್ಲಿನ ಮುಖವೇ ಹಪ್ಪಳದಂತೆ ಏಳುತ್ತದೆ. ತೋಟದ ಅಂಚಿಗೆ ಚೆಂದ. ಮೂರು ಮೀಟರು ಮಣ್ಣು ತಡೆದು ನಿಲ್ಲಿಸಲು ಈಗಿನ ನಿಯಮ ಇದನ್ನು ಒಪ್ಪುವುದಿಲ್ಲ. ಹೊಸ ಮನೆ ಕಟ್ಟುವಾಗ ಗೋಡೆ ಬದಲಿಸಬೇಕು, ಅಥವಾ ಮನೆಯನ್ನು ಹಿಂದಕ್ಕೆ ಸರಿಸಿ ಪಾಯ ಆಳಕ್ಕೆ ಇಳಿಸಬೇಕು. ಓಯಾ ಗೋಡೆಯ ಮೇಲೆ ಹೊಚ್ಚಹೊಸ ಮನೆ ಅಂಚಿನಿಂದ ತೀರಾ ಹಿಂದೆ ಕೂತಿದ್ದರೆ ಮುಂದಿನ ಹುಲ್ಲುಹಾಸನ್ನು ತೋಟದ ಆಸೆ ಎಂದುಕೊಳ್ಳಬೇಡಿ.

ಎರಡನೆಯದು ಕೆಂಚಿ ಕಲ್ಲಿನ ಗೋಡೆ: ಮುಖ ಚೌಕ, ಹಿಂದಕ್ಕೆ ಚೂಪಾಗುತ್ತ ಹೋಗುವ ಕಲ್ಲುಗಳನ್ನು ವಜ್ರದಾಕಾರಕ್ಕೆ ತಿರುಗಿಸಿ ಪೇರಿಸಿದ್ದು. ಆರು ಕಲ್ಲು ಸಾಲಾಗಿಟ್ಟರೆ ಹಳೆಯ ಅಳತೆಯ ಒಂದು ಕೆನ್, ಅಂದರೆ ಸುಮಾರು 1.8 ಮೀಟರು. ಈ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ, ಗುಡ್ಡಕ್ಕೆ ಒರಗಿರುತ್ತದೆ. ನಿಯಮದ ಪ್ರಕಾರ 75 ಡಿಗ್ರಿಗಿಂತ ನೆಟ್ಟಗಾಗುವಂತಿಲ್ಲ, 5 ಮೀಟರಿಗಿಂತ ಏರುವಂತಿಲ್ಲ. ಕಲ್ಲುಗಳ ಹಿಂದೆ ಕಾಂಕ್ರೀಟು ತುಂಬಿದ್ದರೆ ಸರಿ, ಬರಿ ಮಣ್ಣಿದ್ದರೆ ತಪ್ಪು. ಹೊರಗಿಂದ ಗೊತ್ತಾಗುವುದು ಸಂದಿನಲ್ಲಿ: ಗಾರೆ ಕಾಣಿಸದೆ ಸಂದಿಯಿಂದ ಜರಿಗಿಡ ಚಿಗುರಿದ್ದರೆ ಒಣ ಪೇರಿಕೆ ಎಂದು ಅನುಮಾನಿಸಿ. ಮೂರನೆಯದು ಉಕ್ಕು ಹಾಕಿದ ಕಾಂಕ್ರೀಟಿನ ನೆಟ್ಟನೆಯ ಗೋಡೆ. ಅದರ ಆಕಾರ ಇಂಗ್ಲಿಷಿನ ಎಲ್ ಅಕ್ಷರದ್ದು. ಅಡ್ಡ ಕಾಲು ಮಣ್ಣಿನಡಿ ಮನೆಯ ಕಡೆಗೆ ಚಾಚಿರುತ್ತದೆ, ಮೇಲಿನ ಮಣ್ಣಿನ ಭಾರವೇ ಅದನ್ನು ಅದುಮಿ ಹಿಡಿಯುತ್ತದೆ. ಸೈಟಿನ ಒಂದಿಂಚೂ ಬಿಡಬಾರದು ಎನ್ನುವ ಹೊಸ ಬಡಾವಣೆಗಳಲ್ಲಿ ಇದೇ ಜಾಸ್ತಿ.

ಇನ್ನು ತೂತುಗಳು. ಗೋಡೆಯ ಮೈಯಲ್ಲಿ ಸಾಲಾಗಿ ಕಾಣುವ ಕೊಳವೆ ಬಾಯಿಗಳು ಹಿಂದಿನ ಮಣ್ಣಿನ ನೀರು ಬಸಿಯಲು. ನಿಯಮ ಖಚಿತ: ಗೋಡೆಯ ಪ್ರತಿ 3 ಚದರ ಮೀಟರಿಗೆ ಕನಿಷ್ಠ ಒಂದು, ಒಳವ್ಯಾಸ 75 ಮಿಲಿಮೀಟರಿಗೆ ಕಡಿಮೆ ಇರಬಾರದು, ಹಿಂದೆ ಜಲ್ಲಿಯ ಪದರ ಇರಬೇಕು. ಎರಡು ಮೀಟರು ಅಗಲ, ಒಂದೂವರೆ ಮೀಟರು ಎತ್ತರದ ಚೌಕಟ್ಟು ಕಣ್ಣಲ್ಲೇ ಹಾಕಿಕೊಂಡು ಎಣಿಸಿ. ಗೋಡೆ ಬೀಳುವುದು ಮಣ್ಣಿನ ಭಾರದಿಂದ ಎನ್ನುತ್ತಾರೆ. ಆ ಭಾರಕ್ಕೆ ನೀರಿನ ಒತ್ತಡ ಕೂಡಿದಾಗಲೇ ಲೆಕ್ಕ ತಪ್ಪುವುದು. ಮಳೆಯ ಮರುದಿನ ನೋಡಬೇಕೆಂದದ್ದು ಇದಕ್ಕೇ. ತೂತಿನಿಂದ ತಿಳಿನೀರು ಹನಿಯುತ್ತಿದ್ದರೆ ಗೋಡೆ ಉಸಿರಾಡುತ್ತಿದೆ. ತೂತು ಒಣಗಿದ್ದು ಪಕ್ಕದ ಬಿರುಕಿನಿಂದ ನೀರು ಬರುತ್ತಿದ್ದರೆ ಕೊಳವೆ ಕಟ್ಟಿದೆ. ಕೆಸರು ನೀರು ಬರುತ್ತಿದ್ದರೆ ಇನ್ನೂ ಕೆಟ್ಟದ್ದು: ಹಿಂದಿನ ಮಣ್ಣು ತೊಳೆದು ಹೋಗುತ್ತಿದೆ, ಮೇಲೆ ಅಂಗಳದಲ್ಲಿ ಎಲ್ಲೋ ನೆಲ ಕುಸಿಯುತ್ತಿರಬಹುದು.

ಬಿರುಕಿಗೂ ಭಾಷೆಯಿದೆ. ನೆಟ್ಟನೆಯ ಬಿರುಕು ಸಾಮಾನ್ಯವಾಗಿ ಕಾಂಕ್ರೀಟು ಕುಗ್ಗಿದ್ದಕ್ಕೋ ಪಾಯ ಒಂದು ಕಡೆ ಇಳಿದದ್ದಕ್ಕೋ ಬರುತ್ತದೆ. ಅಡ್ಡ ಬಿರುಕು, ಅದರಲ್ಲೂ ಅದರ ಮೇಲಿನ ಭಾಗ ಒಂದು ಬೆರಳು ಮುಂದೆ ಬಂದಿದ್ದರೆ, ಮಣ್ಣು ತಳ್ಳುತ್ತಿರುವ ಗುರುತು. ಗೋಡೆಯ ಪಕ್ಕಕ್ಕೆ ಹೋಗಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಟ ಹಾಯಿಸಿ. ಹೊಟ್ಟೆ ಬಂದಿದ್ದರೆ ಎದುರಿನಿಂದ ಕಾಣದ್ದು ಆ ಮಗ್ಗುಲಿನಿಂದ ಕಂಡೇ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಿಗುವ ತಪ್ಪು ಒಂದಿದೆ: ಹಳೆಯ ಗೋಡೆಯ ತಲೆಯ ಮೇಲೆ ಸಿಮೆಂಟ್ ಬ್ಲಾಕು ಪೇರಿಸಿ, ಹಿಂದೆ ಮಣ್ಣು ತುಂಬಿ, ಅಂಗಳ ಹಿಗ್ಗಿಸಿಕೊಂಡಿರುವುದು. ಬ್ಲಾಕಿನ ಕೆಲಸ ಕಾಂಪೌಂಡು, ಮಣ್ಣು ತಡೆಯುವುದಲ್ಲ. ಬ್ಲಾಕು 39 ಸೆಂಟಿಮೀಟರು ಉದ್ದ, 19 ಎತ್ತರ. ಗಾರೆ ಸೇರಿ ಒಂದು ವರಸೆಗೆ 20. ಐದು ವರಸೆ ಎಣಿಸಿದರೆ ಒಂದು ಮೀಟರು. ಟೇಪು ಬೇಡ, ಯಾರ ಗೋಡೆಯನ್ನೂ ಮುಟ್ಟಬೇಕಿಲ್ಲ. ಬರಿ ಕಾಂಪೌಂಡೇ ಆದರೂ 2.2 ಮೀಟರು, ಅಂದರೆ ಹನ್ನೊಂದು ವರಸೆ ದಾಟುವಂತಿಲ್ಲ. ಆರು ವರಸೆ ಮೀರಿದರೆ 3.4 ಮೀಟರಿಗೊಂದು ಆಸರೆಗೋಡೆ ಒಳಗಡೆ ಇರಬೇಕು. 2018ರ ಜೂನ್‌ನಲ್ಲಿ ಒಸಾಕಾ ಉತ್ತರ ಭಾಗದ ಭೂಕಂಪದಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿಯ ಮೇಲೆ ಬ್ಲಾಕು ಗೋಡೆ ಬಿದ್ದು ಅವಳು ಸತ್ತ ಮೇಲೆ ದೇಶದುದ್ದಕ್ಕೂ ಇಂಥ ಗೋಡೆಗಳನ್ನು ತಗ್ಗಿಸಿದರು. ಈಗ ನಡೆಯುವಾಗ ಕಾಣುವ, ಮೂರು ವರಸೆಗೇ ಕತ್ತರಿಸಿ ಮೇಲೆ ಅಲ್ಯುಮಿನಿಯಂ ಜಾಲರಿ ಕೂರಿಸಿದ ಕಾಂಪೌಂಡುಗಳಲ್ಲಿ ಹಲವು ಆ ಕಾಲದವು.

ಕಾನೂನಿನ ಕಾಲಾನುಕ್ರಮ ಚುಟುಕಾಗಿ: 1961ರ ಮಳೆಗಾಲದಲ್ಲಿ ಯೊಕೊಹಾಮಾ, ಕೋಬೆಗಳಲ್ಲಿ ಧರೆಗಳು ಕುಸಿದು ಜನ ಸತ್ತರು, ಅದೇ ವರ್ಷ ವಸತಿ ನೆಲ ಮಾಡುವುದಕ್ಕೆ ನಿಯಮ ಬಂತು. 2021ರ ಜುಲೈಯಲ್ಲಿ ಅತಾಮಿಯಲ್ಲಿ ತುಂಬಿದ ಮಣ್ಣು ಕೆಸರಾಗಿ ಊರೊಳಗೆ ನುಗ್ಗಿತು; ಆ ಕಾನೂನನ್ನು ಬುಡದಿಂದ ಬದಲಿಸಿ 2023ರ ಮೇಯಿಂದ ಜಾರಿಗೆ ತಂದರು. ಎರಡು ಮೀಟರು ಮೀರಿದ ಯಾವುದೇ ತಡೆಗೋಡೆಗೆ ಪರವಾನಗಿ ಬೇಕು. ಇಂಥ ಬಡಾವಣೆಯಲ್ಲಿ ಮನೆ ಕೊಳ್ಳುವ ಯೋಚನೆ ಇದ್ದವರು ಮನೆಯ ಕಾಗದ ಕೇಳುವ ಮುಂಚೆ ಗೋಡೆಯ ತಪಾಸಣೆ ಪತ್ರ ಕೇಳಬೇಕು. ಅದಿಲ್ಲದ ಗೋಡೆ ಎಂದರೆ, ಮುಂದೆ ಮನೆ ಹೊಸದಾಗಿ ಕಟ್ಟುವ ದಿನ ಬರುವ ಖರ್ಚು.

ಗೋಡೆಯ ಹೊಟ್ಟೆಯಲ್ಲಿ ಕಾರು, ತಲೆಯ ಮೇಲೆ ಬಾಗಿಲು

ರಸ್ತೆಗಿಂತ ಮೇಲಿರುವ ಸೈಟಿಗೆ ಕಾರು ಹತ್ತುವುದಿಲ್ಲ. ಆದ್ದರಿಂದ ತಡೆಗೋಡೆಯನ್ನೇ ಕೊರೆದು ಕಾಂಕ್ರೀಟಿನ ಪೆಟ್ಟಿಗೆ ಕೂರಿಸುತ್ತಾರೆ. ಹೆಸರು ಹೊರಿಕೊಮಿ ಶಾಕೊ, ಅಂದರೆ ತೋಡಿದ ಗ್ಯಾರೇಜು. ಪಕ್ಕದಲ್ಲೇ ಕಿರಿದಾದ ಮೆಟ್ಟಿಲು, ಹದಿನೈದೋ ಹದಿನೆಂಟೋ, ಮೇಲೆ ಮನೆ. ಹಳೆಯ ಪೆಟ್ಟಿಗೆಗಳು ಅಂದಿನ ಚಿಕ್ಕ ಕಾರಿಗೆಂದು ಮಾಡಿದವು, ಈಗಿನ ಎತ್ತರದ ವ್ಯಾನು ತಲೆ ತಗಲುತ್ತದೆ. ಅದಕ್ಕೇ ಒಳಗೆ ಸೈಕಲ್ಲು, ಹಳೆಯ ಟೈರು. ಕಾರು ಮಾತ್ರ ಬೇರೆ ಕಡೆ ಬಾಡಿಗೆ ಜಾಗದಲ್ಲಿ. ಚಾವಣಿಯ ಮೂಲೆಯಲ್ಲಿ ಬಿಳಿ ಸುಣ್ಣದ ತೊಟ್ಟು ಇಳಿಬಿದ್ದಿದ್ದರೆ ಮೇಲಿನ ಅಂಗಳದ ನೀರು ಕಾಂಕ್ರೀಟಿನೊಳಗಿಂದ ಬರುತ್ತಿದೆ ಎಂದೇ ಅರ್ಥ. ಉಕ್ಕಿಗೆ ತುಕ್ಕು ಹಿಡಿಯಲು ಇನ್ನು ಹೆಚ್ಚು ಕಾಲ ಬೇಡ.

ರಸ್ತೆಗಿಂತ ಕೆಳಗಿರುವ ಸೈಟಿಗೆ ಇದರ ಉಲ್ಟಾ. ರಸ್ತೆಯ ಮಟ್ಟಕ್ಕೆ ಉಕ್ಕಿನ ಕಂಬಗಳ ಮೇಲೆ ಕಾರು ನಿಲ್ಲುವ ಅಟ್ಟಣೆ, ಅದರಿಂದ ಸೇತುವೆಯಂತೆ ಮನೆಯ ತುದಿಯ ಮಹಡಿಗೆ ದಾರಿ. ಅಂಚೆಪೆಟ್ಟಿಗೆ ಮೇಲೆ, ಬಚ್ಚಲು ಕೆಳಗೆ. ಇಂಥ ಮನೆಗಳ ದೊಡ್ಡ ತಲೆನೋವು ಒಳಚರಂಡಿ: ರಸ್ತೆಯ ಕೊಳವೆ ಮನೆಗಿಂತ ಮೇಲಿದ್ದರೆ ಪಂಪು ಹಾಕಿ ಏರಿಸಬೇಕು, ಕರೆಂಟು ಹೋದರೆ ಅದೂ ನಿಂತಿತು.

ಏಳನ್ನು ಮೂರೆನ್ನುವ ಲೆಕ್ಕ

ಈಗ ಮೊದಲ ವಾಕ್ಯದ ಅಪಾರ್ಟ್‌ಮೆಂಟಿಗೆ ಬರೋಣ. ಇಂಥದ್ದಕ್ಕೆ ಜಪಾನಿಯಲ್ಲಿ ‘ನೆಲಮಾಳಿಗೆ ಮ್ಯಾನ್ಶನ್’ ಎಂದೇ ಹೆಸರು. ಕಿಟಕಿ, ಬಾಲ್ಕನಿ, ಒಣಗಲು ಹಾಕಿದ ಬಟ್ಟೆ ಎಲ್ಲ ಬಿಸಿಲಿನಲ್ಲಿ ಎದ್ದು ಕಾಣುತ್ತಿರುವಾಗ ಅದು ನೆಲಮಾಳಿಗೆ ಹೇಗಾಯಿತು?

ಕಾನೂನಿನ ಕಣ್ಣಿಗೆ ನೆಲಮಾಳಿಗೆ ಎಂದರೆ, ಕೋಣೆಯ ನೆಲದಿಂದ ‘ಭೂಮಟ್ಟ’ದವರೆಗಿನ ಎತ್ತರ ಕೋಣೆಯ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಇಳಿಜಾರಿನಲ್ಲಿ ಭೂಮಟ್ಟ ಎಲ್ಲಿ? ಕಟ್ಟಡದ ಸುತ್ತ ಮಣ್ಣು ತಾಗುವ ಎತ್ತರಗಳ ಸರಾಸರಿಯಲ್ಲಿ. ಏರುಪೇರು 3 ಮೀಟರು ಮೀರಿದರೆ ಮೂರು ಮೂರು ಮೀಟರಿನ ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಸರಾಸರಿ. 1994ರಲ್ಲಿ ಇನ್ನೊಂದು ಸಡಿಲಿಕೆ ಬಂತು: ವಾಸಕ್ಕೆ ಬಳಸುವ ನೆಲಮಾಳಿಗೆಯ ಚಾವಣಿ ಭೂಮಟ್ಟದಿಂದ 1 ಮೀಟರಿನೊಳಗೆ ಇದ್ದರೆ, ಮನೆಯ ಒಟ್ಟು ವಿಸ್ತೀರ್ಣದ ಮೂರನೇ ಒಂದರಷ್ಟನ್ನು, ಸೈಟಿನಲ್ಲಿ ಎಷ್ಟು ಕಟ್ಟಬಹುದು ಎಂಬ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೂಡಿಸಿ ನೋಡಿ. ಚೌಕಾಕಾರದ ಕಟ್ಟಡ, ಹಿಂದಿನಿಂದ ಮುಂದಕ್ಕೆ 2.8 ಮೀಟರು ಇಳಿಜಾರು. ಸರಾಸರಿ ಭೂಮಟ್ಟ ಕೆಳಗಿನ ಅಂಚಿನಿಂದ 1.4 ಮೀಟರು ಮೇಲೆ. ಕೆಳಗಿನ ಅಂಚಿನ ಮಟ್ಟದಲ್ಲೇ ನೆಲ ಹಾಕಿ 2.4 ಮೀಟರು ಎತ್ತರದ ಕೋಣೆ ಮಾಡಿದರೆ, ಭೂಮಟ್ಟದ ಕೆಳಗೆ 1.4; ಬೇಕಾದದ್ದು 0.8 ಮಾತ್ರ. ಚಾವಣಿ ಭೂಮಟ್ಟದಿಂದ ಸರಿಯಾಗಿ 1 ಮೀಟರು ಮೇಲೆ. ಎರಡೂ ಪಾಸು. ಕಣಿವೆಯ ಕಡೆ ಆ ಕೋಣೆಯ ಗೋಡೆ ಅಡಿಯಿಂದ ಮುಡಿಯವರೆಗೆ ಬಯಲು, ಪೂರ್ತಿ ಕಿಟಕಿ ಇಡಬಹುದು. ಕಾಗದದಲ್ಲಿ ಮಾತ್ರ ಅದು ನೆಲದಡಿ. ಇಳಿಜಾರು 2.4 ಮೀಟರಷ್ಟೇ ಇದ್ದಿದ್ದರೆ ಚಾವಣಿ 1.2 ಮೀಟರು ಮೇಲೆ ಬಂದು ರಿಯಾಯಿತಿ ತಪ್ಪುತ್ತಿತ್ತು. ಎರಡು ಗೇಣು ಇಳಿಜಾರಿಗೂ ಇಷ್ಟು ಬೆಲೆ.

ವಿಸ್ತೀರ್ಣದ ಲಾಭವೂ ಸಣ್ಣದಲ್ಲ. 1,000 ಚದರ ಮೀಟರಿನ ಸೈಟು, ಶೇಕಡಾ 80ರ ಮಿತಿ ಇದ್ದರೆ 800 ಚದರ ಮೀಟರು ಕಟ್ಟಬಹುದು. ನೆಲಮಾಳಿಗೆಯ ರಿಯಾಯಿತಿ ಪೂರ್ತಿ ಬಳಸಿದರೆ 1,200. ಹತ್ತು ಮೀಟರಿನ ಎತ್ತರ ಮಿತಿಯನ್ನೂ ತುಂಡು ತುಂಡಾಗಿ ಅಳೆಯುವುದರಿಂದ ಕಟ್ಟಡ ಮೆಟ್ಟಿಲಾಕಾರದಲ್ಲಿ ಗುಡ್ಡವನ್ನು ಹತ್ತುತ್ತ ಹೋಗುತ್ತದೆ. ಯಾವ ಮೆಟ್ಟಿಲೂ ತನ್ನ ಭೂಮಟ್ಟದಿಂದ ಹತ್ತು ಮೀಟರು ಮೀರಿಲ್ಲ, ಕೆಳಗೆ ನಿಂತವನಿಗೆ ಮಾತ್ರ ಎಲ್ಲ ಸೇರಿ ಒಂದು ಗೋಡೆ. ಅಲ್ಲಲ್ಲಿ ಕಟ್ಟಡದ ಬುಡಕ್ಕೆ ಮಣ್ಣು ಒಟ್ಟಿ ಸರಾಸರಿಯನ್ನೇ ಮೇಲೇರಿಸಿದ್ದೂ ಉಂಟು. ನೆರೆಹೊರೆಯವರ ಜಗಳ ಜೋರಾಗಿ, 2004ರಲ್ಲಿ ಯೊಕೊಹಾಮಾ ನಗರ ಇಂಥ ಕಟ್ಟಡಗಳಿಗೆಂದೇ ತನ್ನ ನಿಯಮ ತಂದು ಮಹಡಿಗಳ ಸಂಖ್ಯೆಗೆ ಕಡಿವಾಣ ಹಾಕಿತು. ಹೀಗಾಗಿ ಏಳನ್ನು ಮೂರೆನ್ನುವ ಕಟ್ಟಡ ಸಿಕ್ಕಿದರೆ ಅದು 1994ಕ್ಕೂ 2004ಕ್ಕೂ ನಡುವೆ ಪರವಾನಗಿ ಪಡೆದದ್ದು ಎಂದು ಬಾಜಿ ಕಟ್ಟಬಹುದು. ಜಾಣತನ ಮೆಚ್ಚಬೇಕಾದ್ದೇ. ಅದರ ಕೆಳಗೆ ಬಿಸಿಲು ಕಳೆದುಕೊಂಡ ಮನೆಗಳೂ ಅಲ್ಲೇ ಇವೆ, ಅವನ್ನೂ ನೋಡಿ.

ನೋಡಬೇಕಾದ ಜಾಗ ಇನ್ನೊಂದು: ಇಂಥ ಕಟ್ಟಡದ ಬೆನ್ನು. ಗುಡ್ಡದ ಕಡೆ ಕೋಣೆಗೂ ಮಣ್ಣಿಗೂ ನಡುವೆ ಕಿರಿದಾದ ಕಂದಕ ಬಿಟ್ಟಿರುತ್ತಾರೆ, ಗಾಳಿಬೆಳಕಿಗೆ. ಮೇಲೆ ಕಬ್ಬಿಣದ ಜಾಲರಿ. ಎಲೆ ಬಿದ್ದು ಅದರ ತಳದ ಚರಂಡಿ ಕಟ್ಟಿದರೆ ಜೋರು ಮಳೆಗೆ ಕಂದಕ ತೊಟ್ಟಿಯಾಗುತ್ತದೆ.

ಕೊಯ್ದ ತಲೆಗಳು

ಮಾಡಿನ ಓರೆಗೆ ಕಾರಣ ಉತ್ತರದ ನೆರೆಮನೆಯ ಬಿಸಿಲು. ಕಡಿಮೆ ಎತ್ತರದ ವಸತಿ ವಲಯದಲ್ಲಿ ಉತ್ತರ ಗಡಿಯ ಮೇಲೆ 5 ಮೀಟರು ಎತ್ತರದಿಂದ ಒಂದು ಕಲ್ಪನೆಯ ಗೆರೆ ಹೊರಡುತ್ತದೆ. ದಕ್ಷಿಣಕ್ಕೆ ಪ್ರತಿ 1 ಮೀಟರು ಸರಿದಂತೆ 1.25 ಮೀಟರು ಏರುತ್ತದೆ. ಕಟ್ಟಡ ಆ ಗೆರೆ ದಾಟುವಂತಿಲ್ಲ. ಕೋನ ಸುಮಾರು 51 ಡಿಗ್ರಿ, ಫೋನಿನ ಕೋನಮಾಪಕ ಹಿಡಿದರೆ ಸಿಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ನಿಜವಾದ ಉತ್ತರ. ಟೋಕಿಯೊ ಸುತ್ತ ದಿಕ್ಸೂಚಿ ಏಳೆಂಟು ಡಿಗ್ರಿ ಪಶ್ಚಿಮಕ್ಕೆ ತೋರಿಸುತ್ತದೆ, ಅಷ್ಟು ತಿದ್ದಿಕೊಳ್ಳಿ. ಗುಡ್ಡದಲ್ಲಿ ಒಂದು ರಿಯಾಯಿತಿಯೂ ಇದೆ: ಉತ್ತರದ ಸೈಟು 1 ಮೀಟರೋ ಅದಕ್ಕೂ ಹೆಚ್ಚೋ ಎತ್ತರದಲ್ಲಿದ್ದರೆ, ವ್ಯತ್ಯಾಸದಿಂದ ಒಂದು ಕಳೆದು ಉಳಿದದ್ದರ ಅರ್ಧದಷ್ಟು ನಿಮ್ಮ ನೆಲ ಮೇಲಿದೆ ಎಂದು ಭಾವಿಸುತ್ತಾರೆ. ಮೂರು ಮೀಟರು ವ್ಯತ್ಯಾಸಕ್ಕೆ ಒಂದು ಮೀಟರು ಲಾಭ. ಆದ್ದರಿಂದ ಉತ್ತರಕ್ಕೆ ಏರುವ ಬೀದಿಯಲ್ಲಿ ಮಾಡುಗಳು ಕೊಂಚ ತಲೆ ಎತ್ತಿರುತ್ತವೆ, ಉತ್ತರಕ್ಕೆ ಇಳಿಯುವ ಬೀದಿಯಲ್ಲಿ ಆ ಸಲಿಗೆ ಇಲ್ಲ.

ಎರಡು ಮಹಡಿಗಳ ನಡುವೆ ಮಂಡಿಯೆತ್ತರದ ಕಿಟಕಿ ಕಂಡರೆ ಅದು ಉಗ್ರಾಣ. ಎತ್ತರ 1.4 ಮೀಟರು ಮೀರದೆ, ಆ ಮಹಡಿಯ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿದ್ದರೆ ಅದು ಮಹಡಿಯೇ ಅಲ್ಲ. ಮೂರನೇ ಮಹಡಿಯ ಕಿಟಕಿಯ ಮೇಲಿನ ಕೆಂಪು ತಲೆಕೆಳಗಾದ ತ್ರಿಕೋನ ಅಲಂಕಾರವಲ್ಲ, ಅಗ್ನಿಶಾಮಕದವರು ಒಳನುಗ್ಗುವ ಜಾಗ.

ಬೀದಿಯಲ್ಲಿ ಒಂದು ಮನೆ ಮಾತ್ರ ಹಿಂದೆ ಸರಿದು ರಸ್ತೆಗೆ ಹಲ್ಲು ಬಿದ್ದ ಹಾಗೆ ಕಂಡರೆ ಅದು ಹೊಸದಾಗಿ ಕಟ್ಟಿದ್ದು. ನಾಲ್ಕು ಮೀಟರಿಗಿಂತ ಕಿರಿದಾದ ಹಳೆಯ ದಾರಿಯಲ್ಲಿ ಯಾರು ಮನೆ ಕಟ್ಟಿದರೂ ದಾರಿಯ ನಡುಗೆರೆಯಿಂದ ಎರಡು ಮೀಟರು ಬಿಡಬೇಕು. ಒಂದು ಮಗ್ಗುಲಿಗೆ ಧರೆಯೋ ಹಳ್ಳವೋ ರೈಲ್ವೆ ಜಾಗವೋ ಇದ್ದರೆ ಆ ಅಂಚಿನಿಂದ ಪೂರ್ತಿ ನಾಲ್ಕೂ ಮೀಟರು ಈಚೆಯವನೇ ಬಿಡಬೇಕು. ಗುಡ್ಡದ ಓಣಿಗಳಲ್ಲಿ ಮನೆಗಳು ಒಂದೇ ಕಡೆ ಹಿಂಜರಿದಿರುವುದು ಇದರಿಂದ.

ರಸ್ತೆ, ಮೆಟ್ಟಿಲು, ನೀರು

ಕಡಿದಾದ ರಸ್ತೆಯ ಕಾಂಕ್ರೀಟಿನ ಮೇಲೆ ಅಂಗೈಯಗಲದ ಬಳೆಗಳನ್ನು ಒತ್ತಿ ತೆಗೆದ ಗುರುತು ಸಾಲುಸಾಲಾಗಿ ಕಾಣುತ್ತದೆ. ಅಷ್ಟು ಏರಿನಲ್ಲಿ ರೋಲರು ನಿಂತು ಡಾಂಬರು ಅದುಮಲಾರದು, ಅದಕ್ಕೆ ಕಾಂಕ್ರೀಟು. ಹಸಿಯಿರುವಾಗಲೇ ಮೇಲೆ ಚಾಪೆ ಹಾಸಿ ಪಂಪಿನಿಂದ ಹೆಚ್ಚಿನ ನೀರು ಎಳೆದುಬಿಡುತ್ತಾರೆ; ಇಲ್ಲವಾದರೆ ಕಾಂಕ್ರೀಟು ಕೆಳಕ್ಕೆ ಹರಿಯುತ್ತದೆ. ಆಮೇಲೆ ಬಳೆ ಒತ್ತುವುದು. ಅಡ್ಡಗೆರೆ ಎಳೆದರೆ ಒಂದೇ ದಿಕ್ಕಿಗೆ ಹಿಡಿತ. ಬಳೆಗೆ ಎಲ್ಲ ದಿಕ್ಕಿಗೂ. ಫಲಕದಲ್ಲಿ 20% ಎಂದಿದ್ದರೆ 11 ಡಿಗ್ರಿಯಷ್ಟೇ, ಆದರೆ ಸಂತೆ ಸಾಮಾನು ಹೊತ್ತವನ ಮೊಣಕಾಲಿಗೆ ಅದು ಸಾಕೋಸಾಕು.

ಇನ್ನೂ ಕಡಿದಾದಲ್ಲಿ ರಸ್ತೆಯೇ ಮೆಟ್ಟಿಲಾಗುತ್ತದೆ. ಯೊಕೊಸುಕಾದ ಯಾತೊಗಳಲ್ಲಿ ಮೆಟ್ಟಿಲಲ್ಲದೆ ಬೇರೆ ದಾರಿಯಿಲ್ಲದ ಮನೆಗಳು ಬೇಕಾದಷ್ಟು, ಖಾಲಿ ಬಿದ್ದವೂ ಬೇಕಾದಷ್ಟು. ಕೆಡವಲು ಯಂತ್ರ ಹತ್ತುವುದಿಲ್ಲ, ಹೆಂಚು ಮರ ಎಲ್ಲ ಹೊತ್ತೇ ಇಳಿಸಬೇಕು. ನೆಲದ ಬೆಲೆಗಿಂತ ಕೆಡಹುವ ಖರ್ಚು ಜಾಸ್ತಿಯಾದರೆ ಮನೆ ತಾನಾಗಿ ಬೀಳುವವರೆಗೆ ನಿಂತಿರುತ್ತದೆ. ನಾಗಾಸಾಕಿ ಬೇರೆ ಉಪಾಯ ಮಾಡಿತು: 2002ರಿಂದ ಅಲ್ಲಿನ ಗ್ಲೋವರ್ ಸ್ಕೈ ರೋಡ್‌ನಲ್ಲಿ ಓರೆಯಾಗಿ ಹತ್ತುವ ಲಿಫ್ಟು ಪುಕ್ಕಟೆ ಓಡುತ್ತದೆ. ಯಾಮಾನಾಶಿಯ ಉಎನೊಹಾರಾದಲ್ಲಂತೂ ಶಿಯೊತ್ಸು ನಿಲ್ದಾಣದಿಂದ ಗುಡ್ಡದ ಮೇಲಿನ ಬಡಾವಣೆಗೆ ಉದ್ದನೆಯ ಕೊಳವೆಯೊಳಗೆ ಎಸ್ಕಲೇಟರು, ಲಿಫ್ಟು ಎರಡೂ.

ದಾಂಚಿ, ಅಂದರೆ ಸರ್ಕಾರಿ ವಸತಿ ಸಮುಚ್ಚಯಗಳ ನೀರಿನ ಗೋಪುರಗಳು ದೂರದಿಂದಲೇ ದಿಕ್ಕು ತೋರಿಸುತ್ತವೆ: ಕೆಲವು ಅಣಬೆ, ಕೆಲವು ಮೇಣದ ಬತ್ತಿ. ಹತ್ತು ಮೀಟರು ಎತ್ತರಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ, ಆ ಲೆಕ್ಕದಲ್ಲಿ ಗೋಪುರದ ಎತ್ತರ. ಒತ್ತಡ ಕೊಡುವ ಪಂಪು ಬಂದ ಮೇಲೆ ಅವುಗಳಿಗೆ ಕೆಲಸವಿಲ್ಲ, ಒಂದೊಂದಾಗಿ ಉರುಳುತ್ತಿವೆ. 1955ರಲ್ಲಿ ಶುರುವಾದ ವಸತಿ ನಿಗಮ ಕಟ್ಟಿದ ನಕ್ಷತ್ರ ಮನೆಗಳೂ ಹಾಗೆಯೇ ಅಪರೂಪ: ನಡುವೆ ತ್ರಿಕೋನ ಮೆಟ್ಟಿಲ ಗೂಡು, ಮೂರು ದಿಕ್ಕಿಗೆ ಮೂರು ಮನೆ. ಪಾದ ಚಿಕ್ಕದಾದ್ದರಿಂದ ಉದ್ದನೆಯ ಕಟ್ಟಡ ಕೂರದ ಗುಡ್ಡದ ಮೂಲೆಗೂ ಕೂರುತ್ತಿತ್ತು. ಟೋಕಿಯೊದ ಅಕಾಬಾನೆದಾಯ್‌ನಲ್ಲಿ ಉಳಿದವು 2019ರಲ್ಲಿ ಸಾಂಸ್ಕೃತಿಕ ಆಸ್ತಿಯಾಗಿ ದಾಖಲಾದವು, ಹೋದರೆ ನೋಡಬಹುದು.

ಎಲ್ಲಿಗೂ ಹೋಗದ ಮೆಟ್ಟಿಲು

ಕೆಲಸ ಕಳೆದುಕೊಂಡರೂ ಯಾರೋ ಜತನದಿಂದ ಕಾಪಾಡುತ್ತಿರುವ ಕಟ್ಟಡದ ತುಂಡಿಗೆ ಜಪಾನಿನಲ್ಲಿ ‘ತೊಮಾಸನ್’ ಎನ್ನುತ್ತಾರೆ. ಕಲಾವಿದ ಅಕಾಸೆಗಾವಾ ಗೆನ್‌ಪೇಯ್ ಇಟ್ಟ ಹೆಸರು. ಭಾರೀ ಸಂಬಳಕ್ಕೆ ಬಂದು, ಬ್ಯಾಟು ಬೀಸಿಯೂ ಚೆಂಡಿಗೆ ತಾಗಿಸದೆ ಹೋದ ಯೊಮಿಯುರಿ ಜಯಂಟ್ಸ್ ತಂಡದ ಅಮೆರಿಕನ್ ಬೇಸ್‌ಬಾಲ್ ಆಟಗಾರ ಗ್ಯಾರಿ ಥಾಮಸನ್‌ನ ಮೇಲಿನ ಕುಚೋದ್ಯ. ಮೊದಲ ಮಾದರಿ 1972ರಲ್ಲಿ ಟೋಕಿಯೊದ ಯೊತ್ಸುಯಾದಲ್ಲಿ ಕಂಡ ಮೆಟ್ಟಿಲು: ಹತ್ತಿ ಇಳಿಯಬಹುದು, ಮೇಲೆ ಬಾಗಿಲಿಲ್ಲ; ಆದರೂ ಮುರಿದ ಕೈಹಿಡಿಕೆಗೆ ಹೊಸ ಮರ ಹಾಕಿ ರಿಪೇರಿ ಮಾಡಿದ್ದರು. ಇಂಥವನ್ನು ಹುಡುಕುವವರೇ ಸೇರಿ 1986ರಲ್ಲಿ ಬೀದಿ ವೀಕ್ಷಣೆಯ ಸಂಘವನ್ನೂ ಕಟ್ಟಿದರು.

ಗುಡ್ಡದ ಬಡಾವಣೆ ತೊಮಾಸನ್‌ಗಳ ತವರು, ಮತ್ತು ಅವು ಹುಟ್ಟುವ ದಾರಿಯೂ ಗೊತ್ತಿರುವಂಥದ್ದೇ. ಕೆಳಗಿನ ರಸ್ತೆಯಿಂದ ಮೆಟ್ಟಿಲು ಹತ್ತಿ ಮನೆ ಸೇರುತ್ತಿದ್ದರು. ಮನೆ ಹೊಸದಾಗಿ ಕಟ್ಟುವಾಗ ಬಾಗಿಲನ್ನು ಮೇಲಿನ ರಸ್ತೆಗೆ ತಿರುಗಿಸಿದರು. ಮೆಟ್ಟಿಲಿನ ತಲೆಗೆ ಬ್ಲಾಕು ಇಟ್ಟು ಮುಚ್ಚಿದರು. ಮೆಟ್ಟಿಲನ್ನೇ ಕಿತ್ತರೆ ತಡೆಗೋಡೆಯ ಪಾಯ ಅಲುಗುತ್ತದೆ, ಅದಕ್ಕೆ ಪರವಾನಗಿ, ಖರ್ಚು. ಅದರ ಗೊಡವೆಗೇ ಹೋಗಲಿಲ್ಲ. ನಿಜವಾದ ತೊಮಾಸನ್ನೋ ಬರಿ ಪಾಳೋ ಎಂದು ತಿಳಿಯಲು ನಾಲ್ಕು ಕಡೆ ನೋಡಿ: ಮೆಟ್ಟಿಲ ಮೂಲೆಯಲ್ಲಿ ಎಲೆ ಕೊಳೆತಿದೆಯೇ, ಗುಡಿಸಿದೆಯೇ, ಕೈಹಿಡಿಕೆಯ ಬಣ್ಣ ಎಷ್ಟು ಹಳೆಯದು, ಬುಡದಲ್ಲಿ ಅಂಚೆಪೆಟ್ಟಿಗೆ ಉಳಿದಿದ್ದರೆ ಅದರ ಬಾಯಿಗೆ ಟೇಪು ಅಂಟಿಸಿದ್ದಾರೆಯೇ, ಕರೆ ಗಂಟೆಯ ಗುಂಡಿ ಇದ್ದರೆ ತಂತಿ ಕತ್ತರಿಸಿದೆಯೇ. ಗುಂಡಿ ಒತ್ತಿ ಪರೀಕ್ಷಿಸಬೇಡಿ. ಹೆಸರಿನ ಫಲಕ, ಒಣಗಿದ ಬಟ್ಟೆ, ಕಿಟಕಿಯೊಳಗಿನದು ಫೋಟೊದಲ್ಲಿ ಬರದಿರಲಿ. ‘ಖಾಸಗಿ ದಾರಿ’ ಎಂಬ ಫಲಕ ಕಂಡಲ್ಲಿಂದ ಹಿಂದಿರುಗಿ.

ಮೇಲೆ ಬ್ಲಾಕು ಮುಚ್ಚಿದ ಹದಿನಾರು ಮೆಟ್ಟಿಲು, ಗುಡಿಸಿದ ಮೂಲೆಗಳು, ಈಚೆಗೆ ಹಸಿರು ಬಳಿದ ಕೈಹಿಡಿಕೆ, ಮೂರನೇ ಮೆಟ್ಟಿಲ ಮೇಲೆ ನೀರು ಹಾಕಿದ ಹೂಕುಂಡ. ಇಷ್ಟು ಒಟ್ಟಿಗೆ ಸಿಕ್ಕಿತೆಂದರೆ ಆ ದಿನದ ನಡಿಗೆ ಅಲ್ಲಿಗೆ ಮುಗಿಸಬಹುದು.